ಒಪ್ಪಂ ನೋಡಿಕೊಳ್ಳುವ ಸುಹ್ರಾ ಟೀಚರ್

ವಂಡೂರಿನಲ್ಲಿ ಸುಹ್ರಾ ಟೀಚರ್ ಯಾರಿಗೆ ಗೊತ್ತಿಲ್ಲ? ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಬಸ್ ಕಂಡಕ್ಟರ್ ಬಾಪ್ಪುಟ್ಟಿಯ ಹೆಂಡತಿ, ಮೀನಿನವನ ಮುಖವನ್ನು ಸುಮ್ಮನೆ ನೋಡುತ್ತ ನಿಂತೇ ಬೆಲೆ ಇಳಿಸುವವಳು. ಅವಳ ಇನ್ನೊಂದು ಕೆಲಸ ಮಾತ್ರ ಊರಿನಲ್ಲಿ ಹತ್ತು ಜನಕ್ಕೂ ಗೊತ್ತಿರಲಿಲ್ಲ. ಗೊತ್ತಿದ್ದವರೂ ಅದನ್ನು ಕೆಲಸವೆಂದು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ಏಕೆಂದರೆ ಅದಕ್ಕೆ ಸಂಬಳವಿಲ್ಲ, ರಜೆಯಿಲ್ಲ, ನಿವೃತ್ತಿಯೂ ಇಲ್ಲ.

ಒಪ್ಪಂ ಎಂಬುದೊಂದು ಮುಕ್ತ ತಂತ್ರಾಂಶ. ಬೇರೆ ಬೇರೆ ಕಂಪ್ಯೂಟರುಗಳಲ್ಲಿರುವ ಒಂದೇ ಫೈಲನ್ನು ಎಲ್ಲ ಕಡೆಯೂ ಒಂದೇ ಥರ ಇಡುವುದು ಅದರ ಕೆಲಸ. ಇಲ್ಲೊಂದು ಸಾಲು ಬರೆದರೆ ಅಲ್ಲಿಯೂ ಆ ಸಾಲು ಬರುತ್ತದೆ. ಇಂಟರ್ನೆಟ್ ಕೂಡ ಬೇಕಿಲ್ಲ, ಎರಡು ಯಂತ್ರಗಳು ಒಂದು ಕೋಣೆಯೊಳಗೆ ಬಂದರೆ ಸಾಕು, ತಮ್ಮ ತಮ್ಮಲ್ಲೇ ಮಾತಾಡಿಕೊಂಡು ಸರಿಮಾಡಿಕೊಳ್ಳುತ್ತವೆ. ದುಡ್ಡು ಕೊಡಬೇಕಿಲ್ಲ. ಯಾರು ಬೇಕಾದರೂ ಅದರ ಕೋಡಿನೊಳಗೆ ಕೈಹಾಕಿ ತಿದ್ದಿ ಕಳಿಸಬಹುದು. ತಿದ್ದಿದ್ದನ್ನು ಸೇರಿಸಿಕೊಳ್ಳಬೇಕೋ ಬೇಡವೋ ಎಂದು ಹೇಳಲು ಒಬ್ಬರು ಬೇಕಲ್ಲ, ಆ ಒಬ್ಬರು ಸುಹ್ರಾ.

ಅವಳೇನೂ ಅದನ್ನು ಕೇಳಿ ಪಡೆದದ್ದಲ್ಲ. ಮೊದಲು ಬರೆದವನು ಇಂಜಿನಿಯರಿಂಗ್ ಓದುವಾಗಿನ ಹುಮ್ಮಸ್ಸಿನಲ್ಲಿ ಬರೆದು, ಮದುವೆಯಾದ ಮೇಲೆ ಪತ್ತೆಯಿಲ್ಲದಂತಾದ. ಶಾಲೆಯ ಕಂಪ್ಯೂಟರುಗಳಿಗೆ ಒಪ್ಪಂ ಹಾಕಿಕೊಂಡಿದ್ದ ಸುಹ್ರಾ ಒಂದು ತಪ್ಪು ಕಂಡು ತಿದ್ದಿ ಕಳಿಸಿದಳು. ಉತ್ತರವಿಲ್ಲ. ಇನ್ನೊಂದು ಕಳಿಸಿದಳು. ಆಗಲೂ ಇಲ್ಲ. ಮತ್ತೊಂದು ಕಳಿಸಿದಾಗ, ಬೀಗದ ಕೈ ನಿಮಗೇ ಕೊಡುತ್ತಿದ್ದೇನೆ ಟೀಚರ್, ಬೈಯಬೇಡಿ ಎಂದು ಒಂದು ಸಾಲು ಬಂತು. ಅಲ್ಲಿಂದ ಇಲ್ಲಿಯವರೆಗೆ ಬೆಳಿಗ್ಗೆ ಅಕ್ಕಿ ನೆನೆಹಾಕಿ, ಸಂಜೆ ಪರೀಕ್ಷೆಯ ಪೇಪರು ತಿದ್ದಿ, ನಡುವೆ ಸಿಕ್ಕ ಹೊತ್ತಿನಲ್ಲಿ ಲೋಕದ ಯಾವ್ಯಾವುದೋ ಮೂಲೆಯ ಜನರ ದೂರು ಕೇಳುತ್ತ ಬಂದಿದ್ದಾಳೆ. ಪುಕ್ಕಟೆ ತೆಗೆದುಕೊಂಡವರ ದನಿಯೇ ದೊಡ್ಡದು ಎಂಬುದು ಅವಳಿಗೆ ಮೊದಲ ವರ್ಷವೇ ತಿಳಿದಿತ್ತು. ಆದರೂ ಬಿಡಲಿಲ್ಲ. ಒಂದು ಬಗ್ ಹಿಡಿದು ಕೊಂದ ದಿನ ಅವಳ ಮುಖ ನೋಡಬೇಕು, ಹಬ್ಬದ ದಿನವೂ ಅಷ್ಟು ಕಳೆ ಇರುವುದಿಲ್ಲ ಎಂದು ಬಾಪ್ಪುಟ್ಟಿ ಹೇಳುತ್ತಿದ್ದ.

ಒಪ್ಪಂ ಬಳಸುವವರಲ್ಲಿ ಅವಳ ಮನಸ್ಸಿಗೆ ಹತ್ತಿರವಾದವರು ಊರಿನ ಪಾಲಿಯೇಟಿವ್‌ನವರು. ವಾಸಿಯಾಗದ ಕಾಯಿಲೆಯವರನ್ನು ಮನೆಗೇ ಹೋಗಿ ನೋಡಿಕೊಳ್ಳುವ, ಊರವರೇ ಸೇರಿ ನಡೆಸುವ ಚಿಕಿತ್ಸಾಲಯ ಅದು. ಆಫೀಸಿನಲ್ಲೊಂದು ಕಂಪ್ಯೂಟರ್, ನರ್ಸ್ ತಂಕಮಣಿಯ ಕೈಯಲ್ಲೊಂದು ಹಳೆಯ ಲ್ಯಾಪ್‌ಟಾಪ್. ಒಬ್ಬೊಬ್ಬ ರೋಗಿಗೆ ಒಂದೊಂದು ಫೈಲು. ತಂಕಮಣಿ ಜೀಪಿನಲ್ಲಿ ಬೆಟ್ಟ ಹತ್ತಿ ಹೋಗಿ, ರೋಗಿಯ ಹಾಸಿಗೆಯ ಪಕ್ಕ ಕೂತು ಬರೆದು ತರುತ್ತಾಳೆ. ಡಾಕ್ಟರು ಸಂಜೆ ಆಫೀಸಿಗೆ ಬಂದು ಅದನ್ನು ಓದಿ, ಮದ್ದು ಎಷ್ಟೆಂದು ಬರೆದು ಹೋಗುತ್ತಾರೆ. ಇಬ್ಬರ ಬರಹವನ್ನೂ ಸೇರಿಸುವುದು ಒಪ್ಪಂ.

ಒಂದೇ ಫೈಲನ್ನು ಎರಡು ಕಡೆ ಬೇರೆ ಬೇರೆಯಾಗಿ ತಿದ್ದಿಬಿಟ್ಟರೆ? ಮೊದಲೆಲ್ಲ ಒಪ್ಪಂ ಎರಡನ್ನೂ ಇಟ್ಟುಕೊಳ್ಳುತ್ತಿತ್ತು. ಇದು ಜನಕ್ಕೆ ತಲೆನೋವಾಯಿತು. ಒಬ್ಬಳೇ ಮುದುಕಿಗೆ ಮೂರು ಫೈಲು ಯಾಕೆ, ನಾವೇನು ಮೂರು ಸಲ ಸುಡುವುದಾ ಹೂಳುವುದಾ ಎಂದು ಪಾಲಿಯೇಟಿವ್‌ನ ಕಾರ್ಯದರ್ಶಿ, ಮೇಷ್ಟ್ರಾಗಿದ್ದ ಗೋಪಾಲನ್ ಮಾಶ್ ಗೊಣಗಿದರು. ಬೇರೆ ದೇಶದವರು ಅದನ್ನೇ ತಮಾಷೆಯಿಲ್ಲದೆ ಹೇಳಿದರು. ಕೊನೆಗೆ ಕೊಲ್ಲಂನ ಡೆನ್ನಿಸ್ ಎಂಬವನು ಒಂದು ತಿದ್ದುಪಡಿ ಕಳಿಸಿದ: ಎರಡರಲ್ಲಿ ಯಾವುದು ಆಮೇಲೆ ಬರೆದದ್ದೋ ಅದು ಉಳಿಯಲಿ, ಇನ್ನೊಂದು ಸದ್ದಿಲ್ಲದೆ ಕಸದ ಬುಟ್ಟಿಗೆ ಹೋಗಲಿ. ಸುಹ್ರಾ ಶಾಲೆಯ ಕಂಪ್ಯೂಟರುಗಳಲ್ಲಿ ಹಾಕಿ ನೋಡಿದಳು. ಚೆನ್ನಾಗಿ ನಡೆಯಿತು. ಸೇರಿಸಿಕೊಂಡಳು. ಅವಳ ಇಷ್ಟು ವರ್ಷದ ಕೆಲಸದಲ್ಲಿ ಎಲ್ಲರೂ ಒಟ್ಟಿಗೆ ಹೊಗಳಿದ ತಿದ್ದುಪಡಿ ಅದೊಂದೇ.

ಆ ಶನಿವಾರ ಬೆಳಿಗ್ಗೆ ಅವಳು ಬಾವಿಕಟ್ಟೆಯ ಹತ್ತಿರ ಕೂತು ಮತ್ತಿ ಮೀನು ಶುಚಿಮಾಡುತ್ತಿದ್ದಾಗ ಗೋಪಾಲನ್ ಮಾಶ್ ಫೋನ್ ಮಾಡಿದರು.

"ಟೀಚರೇ, ನಿಮ್ಮ ಒಪ್ಪಂಗೆ ಬುದ್ಧಿಗಿದ್ಧಿ ಕೆಟ್ಟಿದೆಯಾ?"

"ಯಾಕೆ ಮಾಶೇ, ಮತ್ತೆ ಪಾಸ್‌ವರ್ಡ್ ಮರೆತ್ರಾ?"

"ತಮಾಷೆ ಆಮೇಲೆ. ನಿನ್ನೆ ಡಾಕ್ಟರು ನನ್ನ ಕಣ್ಣೆದುರಿಗೇ ಕೂತು ಬರೆದದ್ದು ಇವತ್ತು ಫೈಲಲ್ಲಿ ಇಲ್ಲ."

"ಸೇವ್ ಮಾಡಿರ್ಲಿಕ್ಕಿಲ್ಲ."

ತಂತ್ರಾಂಶ ನೋಡಿಕೊಳ್ಳುವವರ ಬಾಯಲ್ಲಿ ಮೊದಲು ಬರುವ ಮಾತೇ ಅದು. ತಪ್ಪು ಬಳಸಿದವರದ್ದು.

"ಮಾಡಿದ್ರು. ಮಾಡಿ, ಚಾ ಕುಡಿದು, ಮತ್ತೆ ತೆಗೆದು ಇನ್ನೊಂದು ಸಲ ಓದಿದ್ರು. ಮೇಲೇಪಾರದ ಕುಂಞಿಪ್ಪಾತು ಉಮ್ಮನ ಫೈಲು. ಬುಧವಾರ ನೋವು ಜಾಸ್ತಿ ಅಂತ ಮಾರ್ಫಿನ್ ಶನಿವಾರದಿಂದ ಡಬಲ್ ಮಾಡಿ ಅಂತ ಬರೆದಿದ್ರು. ನಿನ್ನೆ ರಕ್ತದ ರಿಪೋರ್ಟ್ ಬಂತು, ಕಿಡ್ನಿ ಪೂರಾ ಹೋಗಿದೆಯಂತೆ. ಡಬಲ್ ಕೊಟ್ರೆ ಮೈಯಿಂದ ಹೊರಗೇ ಹೋಗಲ್ಲ, ಉಸಿರು ಹಿಡಿದುಬಿಡ್ತದೆ, ಅರ್ಧಕ್ಕೆ ಇಳಿಸಿ ಅಂತ ಬರೆದ್ರು. ಈಗ ತೆಗೆದು ನೋಡಿದ್ರೆ ಡಬಲ್ಲೇ ಕೂತಿದೆ."

ಸುಹ್ರಾಳ ಕೈ ನಿಂತಿತು. "ಸಿಸ್ಟರ್ ಎಲ್ಲಿ?"

"ಜೀಪು ಹೋಗಿ ಎಷ್ಟು ಹೊತ್ತಾಯ್ತು. ಹೊಸ ವಾರದ ಮಾತ್ರೆ ತಗೊಂಡು ಹೋಗಿದ್ದಾಳೆ. ಮೇಲೇಪಾರದಲ್ಲಿ ಫೋನ್ ಎಲ್ಲಿ ಸಿಗ್ತದೆ, ನಾನು ಮಾಡಿ ಮಾಡಿ ಸಾಕಾದೆ."

ಮೀನನ್ನು ಹಾಗೇ ಬಿಟ್ಟು ಅವಳು ಎದ್ದಳು. ಮರ್ಯಾದೆಯಿಲ್ಲದ ಬೆಕ್ಕು ಅಲ್ಲೇ ಕಾದಿತ್ತು, ಇರಲಿ. ಮೇಲೇಪಾರದ ಕಡೆ ಆ ಹೊತ್ತಿಗೆ ಹೋಗುವ ಬಸ್ಸು ಒಂದೇ, ಅದು ಬಾಪ್ಪುಟ್ಟಿಯದ್ದು. ಚೀಟಿ, ಮದ್ದು, ಬುತ್ತಿ, ಸಾವಿನ ಸುದ್ದಿ, ಎಲ್ಲವೂ ಬೆಟ್ಟಕ್ಕೆ ಹೋಗುವುದು ಬಸ್ಸಿನವರ ಕೈಯಲ್ಲೇ. ಅವಳು ಗಂಡನಿಗೆ ಫೋನ್ ಮಾಡಿದಳು.

"ಇಕ್ಕಾ, ಬಸ್ಸು ಎಲ್ಲಿದೆ?"

"ಕಾಳಿಕಾವು ದಾಟಿದ್ವಿ. ಹಿಂದೆ ಇನ್ನೊಂದು ಬಸ್ಸಿನವನು ಮೂತಿ ತಾಗಿಸ್ಕೊಂಡು ಬರ್ತಿದ್ದಾನೆ, ಈಗ ಮಾತಾಡೋ ಹೊತ್ತಲ್ಲ ಸುಹ್ರಾ."

"ಫೋನ್ ಇಟ್ರೆ ಮನೆಗೆ ಬರ್ಬೇಡಿ. ಮೇಲೇಪಾರಕ್ಕೆ ಪಾಲಿಯೇಟಿವ್ ಜೀಪು ಹೋಗಿದೆ. ಕುಂಞಿಪ್ಪಾತು ಉಮ್ಮನಿಗೆ ಹೊಸ ಮಾತ್ರೆ ಕೊಡಬಾರದು, ಅರ್ಧ ಕೊಡಬೇಕು ಅಂತ ಸಿಸ್ಟರಿಗೆ ಹೇಳ್ಬೇಕು. ಕೈಯಾರೆ ಹೋಗಿ ಹೇಳ್ಬೇಕು."

"ಬಸ್ಸು ಮೇಲೇಪಾರಕ್ಕೆ ಹೋಗಲ್ಲ ಅಂತ ನಿನಗೆ ಗೊತ್ತಿಲ್ವಾ? ಕೆಳಗಿನ ಚಾ ಅಂಗಡಿ ತನಕ ಅಷ್ಟೇ. ಆಮೇಲೆ ನಾನೇನು ಹಾರ್ಲಾ?"

"ಕೊಟ್ರೆ ಉಸಿರು ನಿಲ್ಲಬಹುದು, ಇಕ್ಕಾ. ನನ್ನ ಒಪ್ಪಂ ಹಳೇದನ್ನ ತಂದು ಹೊಸದರ ಮೇಲೆ ಕೂರಿಸಿದೆ."

ಆ ಕಡೆ ಹಾರ್ನ್ ಕೇಳಿಸಿತು, ಒಂದು ಕೂಸು ಅಳುವುದು ಕೇಳಿಸಿತು. ಆಮೇಲೆ ಬಾಪ್ಪುಟ್ಟಿಯ ದನಿ, ಅವಳಿಗಲ್ಲ, ಡ್ರೈವರಿಗೆ: "ಚಾಮೀ, ಚಾ ಅಂಗಡಿ ತನಕ ಎಲ್ಲೂ ನಿಲ್ಲಿಸ್ಬೇಡ." ಯಾರೋ ಹೆಂಗಸು, ನಾನು ಇಳಿಯೋದು ಮಸೀದಿ ಹತ್ತಿರ ಎಂದಳು. "ಇವತ್ತು ಸ್ವಲ್ಪ ಮುಂದೆ ಇಳೀರಿ ಅಕ್ಕಾ, ನಡೆದ್ರೆ ಮೈಗೆ ಒಳ್ಳೇದು," ಎಂದು ಅವನು ಹೇಳುವಷ್ಟರಲ್ಲಿ ಫೋನ್ ಕಡಿಯಿತು.

ಸುಹ್ರಾ ಆಟೋ ಹಿಡಿದು ಪಾಲಿಯೇಟಿವ್ ಆಫೀಸಿಗೆ ಬಂದಳು. ಮಣಿಕಟ್ಟಿನಲ್ಲಿ ಮೀನಿನ ಹುರುಪೆ ಇನ್ನೂ ಅಂಟಿಕೊಂಡಿತ್ತು. ಕುಂಞಿಪ್ಪಾತುವಿನ ಫೈಲು ಹೀಗಾಗಿದ್ದರೆ ಇನ್ನು ಯಾರ್ಯಾರದ್ದು ಹೀಗಾಗಿದೆ? ಜೀಪು ಇವತ್ತು ಬೇರೆ ಮನೆಗಳಿಗೂ ಹೋಗುತ್ತದೆ. ಏನಾಗಿದೆ ಎಂದು ತಿಳಿಯದೆ ಯಾವುದನ್ನೂ ನಂಬುವಂತಿರಲಿಲ್ಲ.

ಒಪ್ಪಂ ತಾನು ಮಾಡಿದ್ದನ್ನೆಲ್ಲ ಸಾಲುಸಾಲಾಗಿ ಬರೆದಿಡುತ್ತದೆ. ಅವಳು ಆ ಸಾಲುಗಳನ್ನು ತೆರೆದು ನೋಡಿದಳು. ಇವತ್ತು ಬೆಳಿಗ್ಗೆ ತಂಕಮಣಿ ಆಫೀಸಿಗೆ ಬಂದು ಲ್ಯಾಪ್‌ಟಾಪ್ ತೆರೆದಾಗ ಎರಡೂ ಯಂತ್ರಗಳು ಮಾತಾಡಿಕೊಂಡಿದ್ದವು. ಡಾಕ್ಟರ ಬರಹ ನಿನ್ನೆ ಸಂಜೆ ಐದು ದಾಟಿದ ಮೇಲಿನದು. ತಂಕಮಣಿಯದ್ದು ಅದಕ್ಕೂ ಕಾಲು ಗಂಟೆ ಆಮೇಲಿನದು. ಆಮೇಲಿನದು ಉಳಿದಿತ್ತು, ಮೊದಲಿನದು ಬುಟ್ಟಿಗೆ ಹೋಗಿತ್ತು. ಒಪ್ಪಂ ಹೇಳಿದಂತೆಯೇ ನಡೆದುಕೊಂಡಿತ್ತು.

"ಮಾಶೇ, ಸಿಸ್ಟರ್ ಡಾಕ್ಟರು ಬರೆದ ಮೇಲೆ ಬರೆದಿದ್ದಾಳಲ್ಲ. ನೋಡಿದ್ರೆ ಅವಳಿಗೆ ಗೊತ್ತಾಗಬೇಕಿತ್ತು."

"ಯಾವಾಗ ಬರೆದ್ಲಂತೆ?"

"ಐದೂ ಇಪ್ಪತ್ತಕ್ಕೆ."

ಗೋಪಾಲನ್ ಮಾಶ್ ಕನ್ನಡಕ ತೆಗೆದರು. "ಐದೂ ಇಪ್ಪತ್ತಕ್ಕೆ ಅವಳು ಬಸ್ಸಲ್ಲಿ ಕಿಟಕಿಗೆ ತಲೆ ಇಟ್ಟು ನಿದ್ದೆ ಹೊಡೀತಿರ್ತಾಳೆ ಟೀಚರೇ. ಐದರ ಬಸ್ಸಿಗೇ ಹೋದಳು. ಡಾಕ್ಟರು ಬಂದದ್ದು ಅವಳು ಹೋದ ಮೇಲೆ. ಇಬ್ಬರೂ ಮುಖ ಕೂಡ ನೋಡಿಲ್ಲ."

ಬಸ್ಸಿನಲ್ಲಿ ಮಲಗಿದ್ದವಳು ಫೈಲಿನಲ್ಲಿ ಬರೆಯುತ್ತಿದ್ದಳು. ಸುಹ್ರಾ ಪರದೆಯನ್ನು ನೋಡುತ್ತ ಕೂತಳು. ಎಲ್ಲಿ ತಪ್ಪಿದೆ ಎಂದು ಹುಡುಕುವಾಗ ಅವಳಿಗೆ ಸಿಟ್ಟು ಬರುತ್ತಿತ್ತು, ಹೆದರಿಕೆಯಾಗುತ್ತಿರಲಿಲ್ಲ. ಇವತ್ತು ಹೆದರಿಕೆ. ಬೆಟ್ಟದ ಮೇಲೆ ಒಬ್ಬಳು ಮುದುಕಿ ಬಾಯಿ ತೆರೆಯುತ್ತಿದ್ದಾಳೆ, ತಂಕಮಣಿ ನೀರಿನ ಲೋಟ ಹಿಡಿದಿದ್ದಾಳೆ, ಇದೊಂದೇ ಕಣ್ಣ ಮುಂದೆ ಬರುತ್ತಿತ್ತು. ಎಷ್ಟು ಹೊತ್ತಾಯಿತೆಂದು ಗೋಡೆಯ ಗಡಿಯಾರ ನೋಡಿದಳು. ಆಮೇಲೆ ಕೈಯಲ್ಲಿದ್ದ ಫೋನ್ ನೋಡಿದಳು.

"ಮಾಶೇ, ಈ ಗಡಿಯಾರ ಮುಂದಿದೆಯಾ?"

"ಮುಂದೆ ಇಡದೆ ಮತ್ತೆ? ಸರಿಯಾಗಿ ಇಟ್ರೆ ಬಸ್ಸು ಸಿಗ್ತದಾ? ನಿಮ್ಮ ಗಂಡ ಒಂದು ನಿಮಿಷ ನಿಲ್ಲಿಸ್ತಾನಾ?"

"ಸಿಸ್ಟರ್ ಲ್ಯಾಪ್‌ಟಾಪು?"

"ಅದೂ ಹಾಗೇ. ಅರ್ಧ ಗಂಟೆ ಮುಂದೆ ಇಟ್ಟುಕೊಂಡಿದ್ದಾಳೆ. ತಲೆ ಬಗ್ಗಿಸಿ ಬರೀತಾ ಕೂತ್ರೆ ಗೋಡೆ ಕಡೆ ಯಾರು ನೋಡ್ತಾರೆ ಅಂತಾಳೆ."

ಸುಹ್ರಾ ತಲೆಯ ಮೇಲೆ ಕೈಯಿಟ್ಟುಕೊಂಡಳು. ಐದಕ್ಕೆ ಹತ್ತು ನಿಮಿಷವಿರುವಾಗ ಬರೆದದ್ದಕ್ಕೆ ಲ್ಯಾಪ್‌ಟಾಪ್ ಐದೂ ಇಪ್ಪತ್ತು ಎಂದು ಗುರುತು ಹಾಕಿತ್ತು, ಒಪ್ಪಂ ಅದನ್ನೇ ನಂಬಿತ್ತು. ಊರಿನಲ್ಲಿ ಯಾರ ಮನೆಯ ಗಡಿಯಾರ ಮುಂದಿಲ್ಲ? ಅವಳ ಅಡುಗೆಮನೆಯದ್ದನ್ನು ಬಾಪ್ಪುಟ್ಟಿಯೇ ಮುಂದೆ ತಿರುಗಿಸಿಟ್ಟಿದ್ದ. ಎಲ್ಲರಿಗೂ ಗೊತ್ತು, ಎಲ್ಲರೂ ಮನಸ್ಸಿನಲ್ಲೇ ಕಳೆದುಕೊಂಡು ಸರಿಯಾದ ಹೊತ್ತು ತಿಳಿಯುತ್ತಾರೆ. ಒಪ್ಪಂಗೆ ಹಾಗೆ ಕಳೆಯಲು ಯಾರೂ ಹೇಳಿಕೊಟ್ಟಿರಲಿಲ್ಲ. ಶಾಲೆಯ ಕಂಪ್ಯೂಟರುಗಳು ಗಂಟೆಗೆ ಸರಿಯಾಗಿದ್ದವು, ಅವು ಬಸ್ಸು ಹಿಡಿಯಬೇಕಿರಲಿಲ್ಲವಲ್ಲ. ಅವಳು ಅವುಗಳಲ್ಲಿ ಮಾತ್ರ ಪರೀಕ್ಷೆ ಮಾಡಿದ್ದಳು.

ಕಸದ ಬುಟ್ಟಿ ತೆರೆದರೆ ನಾಲ್ಕು ಫೈಲುಗಳು ಸಿಕ್ಕವು. ಎರಡರಲ್ಲಿ ಫೋನ್ ನಂಬರು ಬದಲಾಗಿತ್ತು, ಒಂದರಲ್ಲಿ ಗಾಯಕ್ಕೆ ಹಚ್ಚುವ ಮುಲಾಮು. ಜೀವಕ್ಕೆ ಕುತ್ತು ತರುವಂಥದ್ದು ಕುಂಞಿಪ್ಪಾತುವಿನದ್ದು ಒಂದೇ. ಮಾಶ್ ಓದಿ ಹೇಳಿದಂತೆ ಅವಳು ಒಂದೊಂದನ್ನೇ ವಾಪಸು ಹಾಕಿದಳು. ಮಾಶ್ ಡಾಕ್ಟರಿಗೆ ಫೋನ್ ಮಾಡಿದರು. ಡಾಕ್ಟರು, ಮಾರ್ಫಿನ್ ಇಳಿಸುವ ಇಂಜೆಕ್ಷನ್ ತೆಗೆದುಕೊಂಡು ಕಾರು ಹತ್ತುತ್ತೇನೆ ಎಂದರು.

ಅವರು ಬರುವಷ್ಟರಲ್ಲಿ ಅವಳು ಡೆನ್ನಿಸ್‌ಗೆ ಫೋನ್ ಮಾಡಿದಳು. ಒಪ್ಪಂ ಈ ಒಂದು ಆಫೀಸಿನಲ್ಲಷ್ಟೇ ಇಲ್ಲ. ಜಿಲ್ಲೆಯ ಎಷ್ಟೋ ಕಡೆ ತಂಕಮಣಿಯಂಥವರು ಈಗ ಜೀಪಿನಲ್ಲಿದ್ದಾರೆ.

"ನಿನ್ನ ತಿದ್ದುಪಡಿ ತೆಗೀತಿದ್ದೀನಿ ಡೆನ್ನಿಸ್. ಹಳೇ ಥರ ಎರಡನ್ನೂ ಇಟ್ಟುಕೊಳ್ಲಿ."

ಸಂಗತಿ ಕೇಳಿ ಡೆನ್ನಿಸ್ ಎದುರು ಬಿದ್ದ. "ಟೀಚರ್, ಕೋಡಲ್ಲಿ ತಪ್ಪಿಲ್ಲ. ಗಡಿಯಾರ ಸರಿ ಇಟ್ಕೊಳ್ಳದೆ ಇದ್ರೆ ನಾವೇನು ಮಾಡೋದು? ಗಡಿಯಾರ ಸರಿಯಾಗಿಡಿ ಅಂತ ಒಂದು ಸೂಚನೆ ಬರೆದ್ರೆ ಆಯ್ತಲ್ಲ. ಎಲ್ಲರೂ ಹೊಗಳಿದ್ದು ಇದನ್ನೇ."

"ಹೊಗಳಿದ್ದಕ್ಕೇ ನನಗೂ ಕಣ್ಣು ಮಂಜಾಯ್ತು. ಗಡಿಯಾರ ಅವರದ್ದು ಡೆನ್ನಿಸ್. ಅವರಿಗೆ ಬಸ್ಸು ಸಿಗಬೇಕು. ನಾವು ಬಂದು ನಿಮ್ಮ ಮನೆ ಗಡಿಯಾರ ತಿರುಗಿಸಿ ಅಂತ ಹೇಳೋಕೆ ಯಾರು? ಯಾವುದು ಸರಿ ಅಂತ ಗೊತ್ತಿಲ್ಲದಿದ್ರೆ ಕೇಳ್ಬೇಕು, ತಾನೇ ಆರಿಸಿ ಒಂದನ್ನ ಬಿಸಾಕೋದಲ್ಲ."

"ಮತ್ತೆ ಮೂರು ಮೂರು ಫೈಲು ಅಂತ ಬೈತಾರೆ."

"ಬೈಲಿ. ಬೈಸಿಕೊಳ್ಳೋದಕ್ಕೇ ತಾನೇ ನಾನಿರೋದು."

ಅವಳು ತಿದ್ದುಪಡಿ ತೆಗೆದು ಹೊಸ ಆವೃತ್ತಿ ಬಿಟ್ಟಳು. ಇದನ್ನು ಹಾಕಿಕೊಳ್ಳುವವರೆಗೆ ಒಪ್ಪಂ ನಿಲ್ಲಿಸಿ, ಬುಟ್ಟಿ ತೆಗೆದು ನೋಡಿ, ತಪ್ಪು ನನ್ನದು ಎಂದು ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಬರೆದಳು. ಬರೆಯುತ್ತಿದ್ದಾಗಲೇ ಫೋನ್ ಬಡಿದುಕೊಂಡಿತು. ಚಾ ಅಂಗಡಿಯಿಂದ ಬಾಪ್ಪುಟ್ಟಿ.

"ಹೋಗಿ ಬಂದೆ. ರಬ್ಬರ್ ಹಾಲು ಕೊಂಡೊಯ್ಯೋನ ಸ್ಕೂಟರಲ್ಲಿ." ಅವನಿಗೆ ಏದುಸಿರು ಬರುತ್ತಿತ್ತು. "ಸಿಸ್ಟರಿಗೆ ಹೇಳ್ದೆ. ಆದ್ರೆ ಒಂದು ಹೊತ್ತಿಂದು ಕೊಟ್ಟಾಗಿತ್ತು ಸುಹ್ರಾ."

"ಉಮ್ಮ?"

"ಮಲಗಿದ್ದಾಳೆ. ಸಿಸ್ಟರ್ ಎದೆ ಮೇಲೆ ಕೈ ಇಟ್ಕೊಂಡು ಕೂತಿದ್ದಾಳೆ, ಕರೆದ್ರೂ ನನ್ನ ಕಡೆ ತಿರುಗಲಿಲ್ಲ. ನಾನು ಮತ್ತೆ ಮೇಲೆ ಹೋಗ್ತೀನಿ, ಏನಾದ್ರೂ ತರೋದು ಗಿರೋದು ಇದ್ರೆ ಒಬ್ಬ ಬೇಕಲ್ಲ. ಮಾಲೀಕ ಫೋನ್ ಮಾಡಿದ್ರೆ ಬಾಪ್ಪುಟ್ಟಿ ಸತ್ತ ಅಂತ ಹೇಳು, ಇಲ್ಲದಿದ್ರೆ ನಂಬಲ್ಲ."

ಡಾಕ್ಟರ ಕಾರಿನಲ್ಲಿ ಅವಳೂ ಹೊರಟಳು.  ನಾನು ಇಷ್ಟು ವರ್ಷ ಮಾಡಿದ್ದು ಪುಣ್ಯದ ಕೆಲಸ ಎಂದು ಅವಳು ಬಾಯಿಬಿಟ್ಟು ಹೇಳಿರದಿದ್ದರೂ ಒಳಗೊಳಗೆ ಅಂದುಕೊಂಡಿದ್ದಳು. ಸಂಬಳವಿಲ್ಲದ ಕೆಲಸದಲ್ಲಿ ಅಷ್ಟಾದರೂ ಅಂದುಕೊಳ್ಳದಿದ್ದರೆ ಹೇಗೆ. ಈಗ ಆ ನೆನಪಿಗೇ ಮೈ ಉರಿಯಿತು. ಮುದುಕಿಗೆ ಏನಾದರೂ ಆದರೆ ಇನ್ನು ಒಂದು ಸಾಲು ಕೋಡ್ ಕೂಡ ಮುಟ್ಟುವುದಿಲ್ಲ ಎಂದುಕೊಂಡಳು. ಅಷ್ಟರಿಂದ ಏನು ಬಂತು ಎಂದೂ ಅನ್ನಿಸಿತು.

ಮೇಲೇಪಾರದ ಮನೆಯ ಮೆಟ್ಟಿಲ ಮೇಲೆ ಖಾಕಿ ಅಂಗಿಯ ಬಾಪ್ಪುಟ್ಟಿ ಟಿಕೆಟ್ ಯಂತ್ರವನ್ನು ಕುತ್ತಿಗೆಗೆ ಹಾಕಿಕೊಂಡೇ ಕೂತಿದ್ದ. ಒಳಗೆ ಕುಂಞಿಪ್ಪಾತು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಇಷ್ಟು ಸಣ್ಣ ಹೆಂಗಸೆಂದು ಸುಹ್ರಾ ಎಣಿಸಿರಲಿಲ್ಲ. ಉಸಿರು ಬರುತ್ತಿತ್ತು, ನಿಲ್ಲುತ್ತಿತ್ತು, ಇನ್ನು ಬರುವುದಿಲ್ಲ ಎನ್ನುವಾಗ ಮತ್ತೆ ಬರುತ್ತಿತ್ತು. ತಂಕಮಣಿ ಕೈ ತೆಗೆಯದೆ ತಲೆಯೆತ್ತಿದಳು. ಅವಳ ಕಣ್ಣು ಕೆಂಪಾಗಿತ್ತು.

"ನನ್ನ ಕೈಯಿಂದ್ಲೇ ಕೊಟ್ಟೆ ಟೀಚರ್. ಬೇಗ ನುಂಗಿ ಉಮ್ಮಾ ಅಂತ ಅವಸರ ಬೇರೆ ಮಾಡ್ದೆ."

"ಫೈಲಲ್ಲಿ ಬರೆದಿದ್ದನ್ನ ನೀನು ಕೊಟ್ಟೆ. ಬರೆದದ್ದನ್ನ ಹಾಳು ಮಾಡಿದ್ದು ನಾನು."

ಡಾಕ್ಟರು ಮುದುಕಿಯ ಭುಜ ಅಲುಗಿಸಿ ಜೋರಾಗಿ ಕರೆದರು. ರೆಪ್ಪೆ ಅಲ್ಲಾಡಿತು, ಏನೋ ಗೊಣಗಿದಳು. ಅವರು ಇಂಜೆಕ್ಷನ್ ತೆಗೆದು ಕೈಯಲ್ಲಿ ಹಿಡಿದುಕೊಂಡರು, ಚುಚ್ಚಲಿಲ್ಲ. "ಕರೆದ್ರೆ ಓಗೊಡ್ತಿದ್ದಾಳೆ. ಇದನ್ನ ಕೊಟ್ರೆ ಮದ್ದೆಲ್ಲ ಒಂದೇ ಸಲಕ್ಕೆ ಇಳಿದು ನೋವು ಪೂರಾ ಮೈಮೇಲೆ ಬೀಳ್ತದೆ. ಕಾಯೋಣ. ಉಸಿರು ಇನ್ನೂ ಇಳಿದ್ರೆ ಚುಚ್ಚಲೇಬೇಕು."

ಕಾದರು. ಮಧ್ಯಾಹ್ನದ ಬಾಂಗು ಆಯಿತು. ಪಕ್ಕದ ಮನೆಯವರು ಮರಗೆಣಸು ಬೇಯಿಸಿ ತಂದಿಟ್ಟದ್ದು ತಟ್ಟೆಯಲ್ಲೇ ಆರಿತು. ಆಗಾಗ ತಂಕಮಣಿ ಮುದುಕಿಯನ್ನು ಕರೆಯುವುದು, ಅವಳು ಗೊಣಗುವುದು, ಎಲ್ಲರೂ ಉಸಿರು ಬಿಡುವುದು. ಒಮ್ಮೆ ಕರೆದಾಗ ಗೊಣಗಲಿಲ್ಲ. ಡಾಕ್ಟರು ಸೂಜಿಯ ಮುಚ್ಚಳ ತೆಗೆದರು. ಸುಹ್ರಾ ಮುದುಕಿಯ ಅಂಗಾಲನ್ನು ಎರಡೂ ಕೈಯಿಂದ ಉಜ್ಜುತ್ತ, "ಉಮ್ಮಾ, ಉಮ್ಮಾ" ಎಂದು ಕರೆದೇ ಕರೆದಳು. ಗುರುತು ಪರಿಚಯವಿಲ್ಲದ ಮುದುಕಿಯ ಆ ಕಾಲು ತಣ್ಣಗಿತ್ತು. ಕೊನೆಗೆ ಕಾಲು ಹಿಂದಕ್ಕೆ ಸರಿಯಿತು. "ಕಚಗುಳಿ ಇಡ್ಬೇಡ" ಎಂದು ಮುದುಕಿ ತಡವರಿಸಿದಳು. ಮೆಟ್ಟಿಲ ಮೇಲಿದ್ದ ಬಾಪ್ಪುಟ್ಟಿ ಎದ್ದು ಅಂಗಳದ ಮೂಲೆಗೆ ಹೋಗಿ, ಬೆನ್ನು ತಿರುಗಿಸಿ ನಿಂತು ಕಣ್ಣೊರಸಿಕೊಂಡ.

ಬಿಸಿಲು ಇಳಿಯುವ ಹೊತ್ತಿಗೆ ಕುಂಞಿಪ್ಪಾತು ಪೂರ್ತಿ ಎಚ್ಚರಾದಳು. ತಂಕಮಣಿ ಹಿಂದೆ ದಿಂಬು ಕೊಟ್ಟು ಕೂರಿಸಿದಳು. ಮುದುಕಿ ಒಂದು ಗುಟುಕು ಸುಲೈಮಾನಿ ಚಾ ಕುಡಿದು, ಸುತ್ತ ಇದ್ದ ಮುಖಗಳನ್ನು ನೋಡಿದಳು.

"ಇಷ್ಟು ಜನ ಯಾಕೆ ಬಂದಿದ್ದೀರಿ? ನಾನು ಹೋದೆ ಅಂತ ಬಂದ್ರಾ?"

"ಇಲ್ಲ ಉಮ್ಮಾ, ನೋಡಿಕೊಂಡು ಹೋಗೋಣ ಅಂತ," ಎಂದರು ಡಾಕ್ಟರು.

"ಎಷ್ಟು ಒಳ್ಳೇ ನಿದ್ದೆ ಗೊತ್ತಾ. ಎರಡು ರಂಜಾನ್ ಕಳೀತು, ಇಂಥಾ ನಿದ್ದೆ ಮಾಡಿರಲಿಲ್ಲ. ಒಂದು ಚೂರು ನೋವಿಲ್ಲ." ಅವಳು ತಂಕಮಣಿಯ ಕೈ ಹಿಡಿದಳು. "ಮೋಳೇ, ನನ್ನ ಮಗಳೇ, ಅದನ್ನೇ ಕೊಡು. ಬೆಳಿಗ್ಗೆ ಕೊಟ್ಟದ್ದನ್ನೇ."

ತಂಕಮಣಿ ಮುಖ ತಿರುಗಿಸಿಕೊಂಡಳು. ಬೈಸಿಕೊಳ್ಳಬೇಕೆಂದು, ಕಾಲು ಹಿಡಿಯಬೇಕೆಂದು ಬಂದಿದ್ದ ಸುಹ್ರಾ ಹಾಸಿಗೆಯ ಅಂಚಿನಲ್ಲಿ ಕೂತಳು.

"ಉಮ್ಮಾ, ಅದು ತಪ್ಪಿ ಬಂದದ್ದು. ನಿಮ್ಮ ಮೈಗೆ ಅದು ಆಗೋದಿಲ್ಲ. ಜೀವ ಹೋಗ್ತಿತ್ತು. ನನ್ನಿಂದ ಆದ ತಪ್ಪು."

"ನಿನ್ನಿಂದಲಾ?" ಮುದುಕಿ ಅವಳನ್ನು ಹತ್ತಿರ ಎಳೆದು ತಲೆಗೆ ಹೊದ್ದ ತಟ್ಟದ ಮೇಲೆ ಕೈಯಿಟ್ಟಳು. "ಹುಟ್ಟಿಸಿದವನು ನಿನಗೆ ಒಳ್ಳೇದು ಮಾಡ್ಲಿ ಮೋಳೇ. ಒಂದು ದಿನ ಆದ್ರೂ ಸಿಕ್ಕಿತಲ್ಲ."

ಆ ಕೈಯ ಕೆಳಗೆ ಸುಹ್ರಾಳಿಗೆ ತಲೆಯೆತ್ತಲು ಆಗಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಡಾಕ್ಟರು ಬೆಳಗಿನ ಪೊಟ್ಟಣಗಳನ್ನು ಎತ್ತಿ ಚೀಲಕ್ಕೆ ಹಾಕಿಕೊಂಡರು. ಮದ್ದು ಮೈಯಿಂದ ಇಳಿದ ಮೇಲೆ, ನಾಳೆಯಿಂದ ಕೊಡಬೇಕಾದದ್ದನ್ನು ತಂಕಮಣಿ ಮಾತ್ರೆ ಮುರಿದು ಹೊಸ ಪೊಟ್ಟಣಗಳಲ್ಲಿ ಕಟ್ಟತೊಡಗಿದಳು.

ಕುಂಞಿಪ್ಪಾತು ಒಂದು ಅರ್ಧ ಮಾತ್ರೆಯನ್ನು ತೆಗೆದು ಅಂಗೈಯಲ್ಲಿಟ್ಟು ನೋಡಿದಳು. ಬೆರಳಿನಿಂದ ಆ ಕಡೆ ಈ ಕಡೆ ಹೊರಳಿಸಿದಳು. ಆಮೇಲೆ ಡಾಕ್ಟರ ಕಡೆಗಲ್ಲ, ತಂಕಮಣಿಯ ಕಡೆಗಲ್ಲ, ಸುಹ್ರಾಳ ಕಡೆಗೆ ಕೈ ಚಾಚಿ ತೋರಿಸಿದಳು.

"ಇಷ್ಟೇನಾ ಮೋಳೇ?"

"ಇಷ್ಟೇ ಉಮ್ಮಾ," ಎಂದಳು ಸುಹ್ರಾ.